ವೀಕ್ ಸೆಲ್ಲು

ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಇಡಬೇಡಿ. ಬೇಸರ ಅನ್ನಬೇಡಿ, ಸ್ವಾಭಿಮಾನ ಅನ್ನಬೇಡಿ. ನನಗೆ ಆಗಿದ್ದು ಅಪ್ಪಟ ಹೊಟ್ಟೆಕಿಚ್ಚು, ಅದೂ ಸೊರಬದ ದನದ ಡಾಕ್ಟರ್ ತ್ರ್ಯಂಬಕನ ಮೇಲೆ. ಅವನ ಜಮೀನಿನ ಮೇಲಲ್ಲ, ಕಾರಿನ ಮೇಲಲ್ಲ. ಅವೆಲ್ಲ ಅವನಿಗೇ ಇರಲಿ, ನೂರು ಕಾಲ ಚೆನ್ನಾಗಿರಲಿ. ನನ್ನ ಕಿಚ್ಚು ಒಂದೇ ಒಂದು ಹಾಡಿನದ್ದು.

ನಾನು ಮಾಲತೇಶ್. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದೆ ಮೈಕ್‌ಸೆಟ್ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆಗೂ ಕೊಡುತ್ತೇನೆ, ಗಣಪತಿಗೂ ಕೊಡುತ್ತೇನೆ, ಎಲೆಕ್ಷನ್ನಿಗೂ ಕೊಡುತ್ತೇನೆ. ರಸಮಂಜರಿ ಇದ್ದ ದಿನ ನನ್ನದೇ ಮೈಕಿನ ಮುಂದೆ ನಿಂತು ಗಿಟಾರ್ ಬಾರಿಸುತ್ತೇನೆ. ರಸಮಂಜರಿಯಲ್ಲಿ ಗಿಟಾರಿನವನ ಪಾಡು ಗಿಟಾರಿನವನಿಗೇ ಗೊತ್ತು. ಹಾಡುವವರಿಗೆ ಹಾರ, ಕೀಬೋರ್ಡಿನವನಿಗೆ ಕುರ್ಚಿ, ನಮಗೆ ಮಾತ್ರ "ಏ, ಗಿಟಾರ್ ಸ್ವಲ್ಪ ಕಡಿಮೆ ಮಾಡಪ್ಪ" ಅನ್ನುವ ಮಾತು. ಆದರೂ ಕಾರ್ಯಕ್ರಮ ಮುಗಿಯುವ ಮೊದಲು ಜನ "ಮಾಲತೇಶಣ್ಣ, ಆ ಇಂಗ್ಲಿಷಿಂದು!" ಎಂದು ಕೂಗಿಯೇ ಕೂಗುತ್ತಾರೆ. ಆಗ ನಾನು ಮುಂದೆ ಬಂದು ಆಬ್ರಿ ಗೋಮ್ಸ್ ಅವರ ಹಾಡು ಬಾರಿಸುತ್ತೇನೆ. ಬೆರಳು ಕಣ್ಣಿಗೆ ಕಾಣಬಾರದು, ಹಾಗೆ ಬಾರಿಸುತ್ತೇನೆ. ಈಸೂರಿನಿಂದ ಬಳ್ಳಿಗಾವಿಯ ತನಕ ನನ್ನನ್ನು ಶಿಕಾರಿಪುರದ ಆಬ್ರಿ ಎಂದೇ ಕರೆಯುತ್ತಾರೆ. ಆಬ್ರಿ ಎಂದರೆ ಯಾರು ಎಂದು ಕರೆಯುವವರಿಗೆ ಗೊತ್ತಿಲ್ಲ, ಅದು ಬೇರೆ ಮಾತು.

ಆಬ್ರಿ ಸಾಹೇಬರು ಕೋಲಾರದ ಚಿನ್ನದ ಗಣಿಯ ಕಡೆಯವರು. ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದರಂತೆ. ಮಗ ಗಿಟಾರ್ ಹಿಡಿದು ಕಲ್ಕತ್ತ, ಬೊಂಬಾಯಿ, ಲಂಡನ್ ಎಲ್ಲ ಕಡೆ ಬ್ಲೂಸ್ ರಾಕ್ ಬಾರಿಸಿ ಹೆಸರು ಮಾಡಿದರು. ಬ್ಲೂಸ್ ಅಂದರೆ ಇಷ್ಟೇ, ಎದೆಯೊಳಗಿನ ಸಂಕಟವನ್ನು ತಂತಿ ಬಗ್ಗಿಸಿ ಹೇಳುವುದು. ಅವರ ದೊಡ್ಡ ಹಾಡು "ಕೇಜ್ ಗೋಯಿಂಗ್ ಡೌನ್". ಕೂಲಿಗಳನ್ನು ಗಣಿಯೊಳಗೆ ಇಳಿಸುವ ಕಬ್ಬಿಣದ ಪಂಜರಕ್ಕೆ ಕೇಜ್ ಅನ್ನುತ್ತಾರೆ. ಹಾಡು ಅಂದರೂ ಅದರಲ್ಲಿ ಮಾತಿಲ್ಲ, ಬರೀ ಗಿಟಾರು.

ಆ ಹಾಡು ನನಗೂ ತ್ರ್ಯಂಬಕನಿಗೂ ಒಂದೇ ದಿನ ಸಿಕ್ಕಿತು. ಇಬ್ಬರೂ ಶಿಕಾರಿಪುರದಲ್ಲಿ ಪಿಯುಸಿ ಓದುತ್ತಿದ್ದೆವು, ಇಬ್ಬರಿಗೂ ಗಿಟಾರಿನ ಹುಚ್ಚು. ಬೆಂಗಳೂರಿನಿಂದ ಬಂದಿದ್ದ ಲೆಕ್ಚರರ್ ಒಬ್ಬರ ಹತ್ತಿರ ಕ್ಯಾಸೆಟ್ಟಿತ್ತು. ಅದನ್ನು ಬೇಡಿ ತಂದು, ಕೇಳುವ ಮೊದಲೇ ತೋಟಪ್ಪನ ಕ್ಯಾಸೆಟ್ ಅಂಗಡಿಗೆ ಕೊಟ್ಟು ಒಬ್ಬೊಬ್ಬರು ಒಂದೊಂದು ತುಂಬಿಸಿಕೊಂಡೆವು. ತೋಟಪ್ಪ ಊರಿಗೇ ಹೆಸರುವಾಸಿ. "ಬೇರೆ ಅಂಗಡಿಯೋರಿಗಿಂತ ನಮ್ಮಲ್ಲಿ ಒಂದು ಹಾಡು ಜಾಸ್ತಿ ಹಿಡಿಸ್ತೀವಿ ನೋಡ್ರಿ" ಎಂದು ಎಲ್ಲರಿಗೂ ಹೇಳುತ್ತಿದ್ದ. ಹೇಗೆ ಹಿಡಿಸುತ್ತಾನೆ ಎಂದು ಯಾರೂ ಕೇಳಲಿಲ್ಲ. ಜಾಸ್ತಿ ಸಿಗುವಾಗ ಯಾರು ಕೇಳುತ್ತಾರೆ?

ನಮ್ಮ ಮನೆಯಲ್ಲಿ ಕರೆಂಟಿತ್ತು. ತ್ರ್ಯಂಬಕನ ಮನೆ ಸೊರಬದಿಂದ ಇನ್ನೂ ಒಳಗೆ, ಅಲ್ಲಿ ಕಂಬ ನೆಟ್ಟಿದ್ದರೂ ಕರೆಂಟು ಹಬ್ಬಕ್ಕೆ ಬರುವ ನೆಂಟರ ಹಾಗೆ ಬಂದು ಹೋಗುತ್ತಿತ್ತು. ಹಾಗಾಗಿ ಅವರ ಮನೆಯ ಟೇಪ್‌ರೆಕಾರ್ಡರ್ ನಡೆಯುತ್ತಿದ್ದದ್ದು ಸೆಲ್ಲಿನಲ್ಲಿ. ಸೆಲ್ಲು ವೀಕಾದರೆ ಅವನ ಅಮ್ಮ ಎಸೆಯುತ್ತಿರಲಿಲ್ಲ, ಹಪ್ಪಳದ ಪಕ್ಕದಲ್ಲೇ ಬಿಸಿಲಿಗೆ ಒಣಗಿಸಿ ಮತ್ತೆ ಹಾಕುತ್ತಿದ್ದರು. ರಜೆಯಲ್ಲಿ ಅವನ ಮನೆಗೆ ಹೋದಾಗ ನಾನು ಅವನ ಕ್ಯಾಸೆಟ್ ಕೇಳಿದೆ. ಹಾಡು ಎಳೆಯುತ್ತಿತ್ತು. ಅವನು ಗಿಟಾರಿನಲ್ಲಿ ಬಾರಿಸಿದ್ದೂ ಹಾಗೆಯೇ, ಎಳೆದುಕೊಂಡು.

"ಏ, ಮೊದ್ಲು ಸೆಲ್ ಹಾಕ್ಸೋ! ಆಬ್ರಿಗೆ ನಿದ್ದಿ ಬಂದಂಗೈತಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅವನೂ ನಕ್ಕ. ಕಾಲೇಜಿನಲ್ಲಿ ಅವನಿಗೆ ವೀಕ್ ಸೆಲ್ಲು ಎಂದೇ ಹೆಸರು ಬಿತ್ತು. ಕಾಲೇಜ್ ಡೇ ದಿನ ಮೊದಲು ನಾನು ಬಾರಿಸಿದೆ, ಶಿಳ್ಳೆ ಬಿತ್ತು. ನಂತರ ಅವನ ಸರದಿ. ಅವನು ಗಿಟಾರನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. "ಆ ಸ್ಪೀಡು ನಂಗೆ ಬರೂದಲ್ಲ ಮಾರಾಯಾ. ಅದು ನಿಂದೇ ಹಾಡು" ಅಂದ. ಆಮೇಲೆ ದನದ ಡಾಕ್ಟರ್ ಓದಲು ಬೀದರಿಗೆ ಹೋದ, ಬಂದ, ಸೊರಬದಲ್ಲೇ ಕೆಲಸ ಹಿಡಿದ. ಗಿಟಾರು ಅಟ್ಟ ಸೇರಿತು. ಹಾಡು ನನ್ನದಾಯಿತು. ನಾನೂ ಅದನ್ನು ನನ್ನದೆಂದೇ ಇಟ್ಟುಕೊಂಡೆ. ಫೋನು ಬಂದ ಮೇಲೆ ಹುಡುಕಿದ್ದೂ ಉಂಟು. ಆಬ್ರಿ ಸಾಹೇಬರ ಫೋಟೋ ಸಿಕ್ಕಿತು, ಲೇಖನ ಸಿಕ್ಕಿತು, ಆ ಹಾಡು ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ಈಗ ಈ ವರ್ಷಕ್ಕೆ ಬರುತ್ತೇನೆ. ಆಬ್ರಿ ಸಾಹೇಬರಿಗೆ ಎಪ್ಪತ್ತೈದು ದಾಟಿದೆ. ಗಿಟಾರು ಕೆಳಗಿಡುವ ಮೊದಲು ಯಾವತ್ತೂ ಬಾರಿಸದ ಸಣ್ಣ ಊರುಗಳಲ್ಲಿ ಬಾರಿಸಬೇಕು ಎಂದು ಅವರಿಗೆ ಆಸೆಯಂತೆ. ಬೆಂಗಳೂರಿನ ಒಂದು ಸಂಘ ತಾಲ್ಲೂಕು ತಾಲ್ಲೂಕು ಕರೆದುಕೊಂಡು ತಿರುಗುತ್ತಿತ್ತು. ನಮ್ಮ ಕಡೆ ಅವರು ಆರಿಸಿದ್ದು ಸೊರಬವನ್ನು. ಸ್ವಾಗತ ಸಮಿತಿಯ ಅಧ್ಯಕ್ಷರು ಪಂಚಾಕ್ಷರಪ್ಪ. ಮೈಕಿಗೆ ನನಗೇ ಫೋನು ಮಾಡಿದರು. ಫೋನು ಇಟ್ಟ ಮೇಲೆ ನಾನು ಅಂಗಡಿಯಲ್ಲೇ ಕುಣಿದೆ. ನನ್ನ ಆಬ್ರಿ, ನನ್ನ ಮೈಕು! ಒಂದು ಸಲ ಅವರ ಪಕ್ಕದಲ್ಲಿ ನಿಂತು ಆ ಹಾಡು ಬಾರಿಸಿದರೆ ಸಾಕು, ಜೀವನದಲ್ಲಿ ಮತ್ತೇನೂ ಬೇಡ ಅನ್ನಿಸಿತು. ಗಿಟಾರಿಗೆ ಹೊಸ ತಂತಿ ಹಾಕಿದೆ.

ಎರಡು ದಿನ ಬಿಟ್ಟು ಪಂಚಾಕ್ಷರಪ್ಪ ಮತ್ತೆ ಫೋನು ಮಾಡಿದರು. "ಊಟ, ವಸತಿ ಎಲ್ಲ ತ್ರ್ಯಂಬಕ ಡಾಕ್ಟ್ರ ಮನ್ಯಾಗೆ. ನೀವು ಮೈಕಿಂದು ನೋಡ್ಕಳ್ರಿ" ಅಂದರು.

ನಾನು ಫೋನನ್ನು ಮೇಜಿನ ಮೇಲೆ ಕುಕ್ಕಿದೆ. ಹೆಂಡತಿ ಶ್ರೀಲತಾ ಮುಖ ನೋಡಿಯೇ ಹಿಡಿದುಬಿಟ್ಟಳು.

"ಯಾಕ್ರೀ, ಮಾರಿ ಹಿಂಗ್ಯಾಕೆ?"

"ಆಬ್ರಿ ಸಾಹೇಬ್ರು ಅವ್ನ ಮನ್ಯಾಗೆ ಉಣ್ತಾರಂತೆ."

"ಉಣ್ಲಿ ಬಿಡ್ರಿ. ನೀವೇನು ತುತ್ತು ಮಾಡಿ ಬಾಯಾಗ ಇಡಬೇಕಂತಿದ್ರೇನು?"

"ಮೂವತ್ತು ವರ್ಷ ಅವ್ರ ಹಾಡು ಉಳಿಸ್ಕಂಡು ಬಂದೋನು ನಾನು. ಗಿಟಾರ್ ಅಟ್ಟಕ್ಕೆ ಹಾಕ್ದೋನ ಮನ್ಯಾಗೆ ಊಟ! ನ್ಯಾಯ ಏನೇ ಇದು?"

"ಅಯ್ಯ ಸುಮ್ನಿರ್ರಿ" ಎಂದು ಅವಳು ಒಳಗೆ ಹೋದಳು. ನಾನು ಸುಮ್ಮನಿರಲಿಲ್ಲ. ಮನಸ್ಸಿನಲ್ಲೇ ತ್ರ್ಯಂಬಕನಿಗೆ ಬೈಯುತ್ತ ಇದ್ದೆ.

ಕಾರ್ಯಕ್ರಮದ ದಿನ ಬೆಳಿಗ್ಗೆಯೇ ಟೆಂಪೋದಲ್ಲಿ ಬಾಕ್ಸುಗಳನ್ನು ಏರಿಸಿಕೊಂಡು ಸೊರಬಕ್ಕೆ ಹೋದೆ. ಸಭಾಭವನದಲ್ಲಿ ವೈರು ಎಳೆದು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಜನರೇಟರಿನ ವಿಷಯ ಕೇಳಬೇಕು ಎಂಬ ನೆಪ ಮಾಡಿಕೊಂಡು ತ್ರ್ಯಂಬಕನ ಮನೆಗೆ ಹೋದೆ. ಜನರೇಟರು ನನ್ನದೇ, ಅವನನ್ನು ಕೇಳುವುದೇನೂ ಇರಲಿಲ್ಲ.

ಬಾಗಿಲಲ್ಲಿ ನಿಂತರೆ ಎದುರಿಗೇ ಊಟದ ಮೇಜು. ಆಬ್ರಿ ಗೋಮ್ಸ್ ಕೂತಿದ್ದಾರೆ! ತೆಳ್ಳಗಿನ ಮೈ, ತಲೆಗೆ ಮಾಸಿದ ಟೋಪಿ, ಕೈ ಮೇಲೆ ಹಸಿರು ನರ. ತ್ರ್ಯಂಬಕನ ಹೆಂಡತಿ ತ್ರಿವೇಣಿ ಬಿಸಿ ಬಿಸಿ ತೆಳ್ಳೇವು, ಅಂದರೆ ಅವರ ಕಡೆಯ ತೆಳು ದೋಸೆ, ತಂದು ಹಾಕುತ್ತಿದ್ದಾಳೆ. ಅವರು ಜೇನುತುಪ್ಪದಲ್ಲಿ ಅದ್ದಿ ತಿನ್ನುತ್ತ "ಇನ್ನೊಂದು ಹಾಕಮ್ಮ, ಸೂಪರ್" ಅನ್ನುತ್ತಿದ್ದಾರೆ. ಪಕ್ಕದಲ್ಲಿ ತ್ರ್ಯಂಬಕ, ಪಂಚೆ ಉಟ್ಟುಕೊಂಡು, ನೆಂಟರ ಮನೆಯ ಅಜ್ಜನ ಜೊತೆ ಕೂತವನ ಹಾಗೆ ಆರಾಮಾಗಿ ಕೂತಿದ್ದಾನೆ. ನನಗೆ ಕಣ್ಣು ಕತ್ತಲೆ ಬಂತು.

"ಓಹೋ, ಮಾರಾಯಾ! ಬಾ ಬಾ, ಕೈ ತೊಳ್ಕ, ತೆಳ್ಳೇವು ಬಿಸಿ ಇದ್ದು" ಎಂದು ಅವನು ಎದ್ದು ಬಂದ.

"ಊಟ ಆಗೈತಿ" ಅಂದೆ. ಆಗಿರಲಿಲ್ಲ. ಹೊಟ್ಟೆ ತಾಳ ಹಾಕುತ್ತಿತ್ತು.

ಆಬ್ರಿ ಸಾಹೇಬರು ತಲೆ ಎತ್ತಿ ನೋಡಿದರು. ನನ್ನ ಹೆಗಲ ಮೇಲೆ ವೈರಿನ ಸುರುಳಿ ಇತ್ತು. "ಓ, ಮೈಕ್‌ನೋರಾ? ಗುಡ್, ಗುಡ್. ಜಾಸ್ತಿ ಎಕೋ ಬೇಡಪ್ಪ" ಅಂದು ಮತ್ತೆ ಎಲೆಗೆ ಬಾಗಿದರು. ಮೂವತ್ತು ವರ್ಷದಿಂದ ಕಾಯುತ್ತಿದ್ದವನಿಗೆ ದೇವರು ಆಡಿದ ಮೊದಲ ಮಾತು ಅದು.

ಸಂಜೆ ಸಭಾಭವನ ತುಂಬಿತು. ಬ್ಲೂಸ್ ಎಂದರೆ ಏನೆಂದು ತಿಳಿದವರು ನಾಲ್ಕು ಜನ ಇದ್ದರೋ ಇಲ್ಲವೋ, ಆದರೆ ಪಂಚಾಕ್ಷರಪ್ಪ ಎಲ್ಲರನ್ನೂ ಕರೆತಂದಿದ್ದರು. ನನ್ನ ಹಾಡು ಗೊತ್ತಿದ್ದ ಹುಡುಗರು ಶಿಕಾರಿಪುರದಿಂದ ಬೈಕಿನಲ್ಲಿ ಬಂದಿದ್ದರು. ನಾನು ವೇದಿಕೆಯ ಮಗ್ಗುಲಲ್ಲಿ ಮಿಕ್ಸರ್ ಹಿಂದೆ, ಸಂಜೆಯ ಬಸ್ಸಿಗೆ ಬಂದಿದ್ದ ಶ್ರೀಲತಾ ನನ್ನ ಪಕ್ಕದ ಕುರ್ಚಿಯಲ್ಲಿ. ತ್ರ್ಯಂಬಕ ಎರಡನೇ ಸಾಲಿನಲ್ಲಿದ್ದ.

ಆಬ್ರಿ ಸಾಹೇಬರು ಬಂದು ಸ್ಟೂಲಿನ ಮೇಲೆ ಕೂತರು. ಬಾರಿಸಿದ ಮೊದಲ ತಂತಿಗೇ ಸಭೆ ತಣ್ಣಗಾಯಿತು. ಅಬ್ಬಾ, ಏನು ಕೈ ಅದು! ಒಂದೇ ಸ್ವರವನ್ನು ಬಗ್ಗಿಸಿ ಹಿಡಿದರೆ ಅದು ಬಿಡಿಸಿಕೊಳ್ಳಲು ಒದ್ದಾಡಿ, ಸೋತು, ಕೊನೆಗೆ ಅತ್ತೇ ಬಿಡುತ್ತಿತ್ತು. ನಮ್ಮೂರಿನ ಹುಡುಗರು ಶಿಳ್ಳೆ ಹಾಕುವುದನ್ನೂ ಮರೆತರು. ನಾನು ಹೊಟ್ಟೆಕಿಚ್ಚನ್ನು ಮರೆತು ಬಾಯಿ ಬಿಟ್ಟುಕೊಂಡು ನೋಡಿದೆ. ಆ ಒಂದಿಷ್ಟು ಹೊತ್ತು ನಾನು ಸುಖವಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ "ಕೇಜ್ ಗೋಯಿಂಗ್ ಡೌನ್" ಶುರು ಮಾಡಿದರು. ನನ್ನ ಬೆರಳುಗಳು ಮಿಕ್ಸರಿನ ಮೇಲೆ ತಾವಾಗಿಯೇ ಓಡತೊಡಗಿದವು. ಓಡಿ ಮುಂದೆ ಹೋದವು. ತಿರುಗಿ ನೋಡಿದರೆ ಸಾಹೇಬರು ಇನ್ನೂ ಹಿಂದೆಯೇ ಇದ್ದಾರೆ. ಒಂದು ಸ್ವರ, ಆಮೇಲೆ ಬಿಡುವು, ಆಮೇಲೆ ಇನ್ನೊಂದು. ಪಾಪ, ವಯಸ್ಸಾಯಿತು, ಮೊದಲಿನ ಸ್ಪೀಡಿಲ್ಲ ಎಂದುಕೊಂಡೆ. ನಿಜ ಹೇಳುತ್ತೇನೆ, ಸ್ವಲ್ಪ ಖುಷಿಯೂ ಆಯಿತು. ಈ ಹಾಡಿನಲ್ಲಿ ನಾನೇ ಗುರುವನ್ನು ಮೀರಿಸಿದೆನಲ್ಲ!

ಶ್ರೀಲತಾ ನನ್ನ ಮೊಣಕೈ ತಿವಿದಳು. "ರೀ, ಇದು ನಿಮ್ಮ ತರ ಇಲ್ಲಲ್ರೀ. ಮದುವಿ ಆದ ಹೊಸದಾಗಿ ತ್ರ್ಯಂಬಕಣ್ಣಾರ ಮನಿಗೆ ಹೋದಾಗ ಅವ್ರು ಅಟ್ಟದಿಂದ ಗಿಟಾರ್ ತೆಗ್ದು ಒಂದು ಸಲ ಬಾರ್ಸಿದ್ರು ನೋಡ್ರಿ. ಥೇಟ್ ಹಂಗೇ ಐತಿ!"

ನನ್ನ ಸ್ವಂತ ಹೆಂಡತಿ! ಬೈಯಬೇಕೆಂದು ಬಾಯಿ ತೆರೆದೆ. ಆಗ ತೋಟಪ್ಪ ನೆನಪಾದ. ಒಂದು ಹಾಡು ಜಾಸ್ತಿ ಹಿಡಿಸುವ ತೋಟಪ್ಪ. ಹೇಗೆ ಹಿಡಿಸುತ್ತಿದ್ದ ಅವನು? ಟೇಪಿನ ಉದ್ದ ಅಷ್ಟೇ ಇರುವಾಗ ಹಾಡನ್ನು ಓಡಿಸದೆ ಹೇಗೆ ಹಿಡಿಸುತ್ತಾನೆ? ಮಷೀನಿನ ಸ್ಪೀಡಿನ ಸ್ಕ್ರೂ ತಿರುಗಿಸಿಟ್ಟಿರುತ್ತಾನೆ, ಕಳ್ಳ. ಸಿನಿಮಾ ಹಾಡು ಓಡಿದರೆ ರೇಡಿಯೋದಲ್ಲಿ ಕೇಳಿದವರಿಗೆ ಗೊತ್ತಾಗುತ್ತದೆ, ನಕ್ಕು ಬಿಡುತ್ತಾರೆ. ಆಬ್ರಿಯ ಹಾಡು ನಮ್ಮ ಕಡೆ ಯಾವ ರೇಡಿಯೋದಲ್ಲಿ ಬಂದಿತ್ತು? ನಮ್ಮ ಮನೆಯ ಗಟ್ಟಿ ಕರೆಂಟಿನಲ್ಲಿ ನಾನು ಆ ಓಟವನ್ನೇ ಕೇಳಿದೆ, ಅದನ್ನೇ ಕಲಿತೆ, ಅದನ್ನೇ ಬಾರಿಸಿದೆ. ತ್ರ್ಯಂಬಕನ ಮನೆಯಲ್ಲಿ ವೀಕಾದ ಸೆಲ್ಲು ಅದೇ ಕ್ಯಾಸೆಟ್ಟನ್ನು ಎಳೆದು ಎಳೆದು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿತ್ತು. ಅವನಿಗೆ ಸಿಕ್ಕಿದ್ದು ನಿಜವಾದ ಹಾಡು. ನನಗೆ ಸಿಕ್ಕಿದ್ದು ತೋಟಪ್ಪನ ಹಾಡು.

ಹಾಡು ಮುಗಿಸಿ ಸಾಹೇಬರು ನೀರು ಕುಡಿದು ಮೈಕಿಗೆ ಬಾಯಿ ಇಟ್ಟರು. ಗಾಯದ ಮೇಲೆ ಅವರೂ ಒಂದು ಚಿಟಿಕೆ ಉಪ್ಪು ಹಾಕಿದರು. "ನಮ್ಮಪ್ಪ ಡೈಲಿ ಕೇಜಲ್ಲಿ ಕೆಳಗೆ ಹೋಗ್ತಾ ಇದ್ರು. ಕೇಜು ನಿಧಾನ ಹೋಗತ್ತೆ. ಒಳಗೆ ಯಾರೂ ಮಾತಾಡಲ್ಲ. ಕೆಲವು ಹುಡುಗ್ರು ಈ ಸಾಂಗ್ ಫಾಸ್ಟಾಗಿ ಬಾರಿಸ್ತಾರೆ. ನಾನು ಹೇಳ್ತೀನಿ, ಕೇಜು ಫಾಸ್ಟಾಗಿ ಹೋಯ್ತು ಅಂದ್ರೆ ಹಗ್ಗ ಕಟ್ಟಾಯ್ತು ಅಂತ ಅರ್ಥ. ಅದು ಸಾಂಗ್ ಅಲ್ಲಪ್ಪ, ಆಕ್ಸಿಡೆಂಟು!"

ಸಭೆಯೆಲ್ಲ ನಕ್ಕಿತು. ಮೂವತ್ತು ವರ್ಷ ನಾನು ಊರೂರಿಗೆ ಹೋಗಿ ಹಗ್ಗ ಕಡಿದು ಶಿಳ್ಳೆ ಹಾಕಿಸಿಕೊಂಡಿದ್ದೆ.

"ಡಾಕ್ಟರ್ ಈಗ ಕಾರಲ್ಲಿ ಬರೋವಾಗ ಹೇಳಿದ್ರು. ಮಾಲತೇಶ್ ಅಂತ ಒಬ್ರು ಇದಾರಂತೆ, ನನ್ ಸಾಂಗ್ ಅವ್ರಷ್ಟು ಚೆನ್ನಾಗಿ ಯಾರೂ ಬಾರಿಸಲ್ವಂತೆ. ಎಲ್ಲಿದೀರಪ್ಪ? ಬನ್ನಿ, ಇನ್ನೊಂದ್ಸಲ ಸೇರಿ ಬಾರಿಸೋಣ."

ಶಿಕಾರಿಪುರದ ಹುಡುಗರು ಕುರ್ಚಿ ಹತ್ತಿ ಕೂಗಿದರು. ತ್ರ್ಯಂಬಕ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ಶ್ರೀಲತಾ "ಹೋಗ್ರಿ, ಹೋಗ್ರಿ!" ಎಂದು ನೂಕಿದಳು. ನಾನು ವೇದಿಕೆ ಹತ್ತಿದೆ. ಸಾಹೇಬರು ತಮ್ಮ ಎರಡನೇ ಗಿಟಾರನ್ನು ತಮ್ಮ ಕೈಯಿಂದಲೇ ನನ್ನ ಕೊರಳಿಗೆ ಹಾಕಿದರು. "ಅಯ್ಯೋ, ಮೈಕ್‌ನೋರೇ ಮಾಲತೇಶಾ!" ಎಂದು ನಕ್ಕು ಬೆನ್ನು ತಟ್ಟಿದರು. ಬೇಕೆಂದಿದ್ದದ್ದೆಲ್ಲ ಸಿಕ್ಕಿತ್ತು, ತಂತಿ ಮುಟ್ಟುವುದೊಂದೇ ಬಾಕಿ.

ಮುಟ್ಟಲಾಗಲಿಲ್ಲ. ಮುಟ್ಟಿದರೆ ಬೆರಳು ಓಡುತ್ತದೆ, ಅದು ನನ್ನ ಮಾತು ಕೇಳುವುದಿಲ್ಲ. ಆಕ್ಸಿಡೆಂಟ್ ಮಾಡುವವನು ಇವನೇ ಎಂದು ಸಭೆಯೆಲ್ಲ ನಗುತ್ತದೆ. ಎದುರಿಗೆ ತ್ರ್ಯಂಬಕ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದ. ಅವನ ಆ ನಗುಮುಖ ನೋಡಿದ್ದೇ ತಡ, ನನ್ನ ಮೈಯೆಲ್ಲ ಉರಿಯಿತು. ಇವನಿಗೆ ತೆಳ್ಳೇವಿನ ಪಕ್ಕದ ಕುರ್ಚಿಯೂ ಬೇಕು, ನಿಜವಾದ ಹಾಡೂ ಬೇಕು, ನನ್ನನ್ನು ಹೊಗಳುವ ದೊಡ್ಡತನವೂ ಬೇಕು! ಬರಲಿ ಮೇಲೆ. ವರ್ಷಗಟ್ಟಲೆ ತಂತಿ ಮುಟ್ಟದವನು. ಬೆರಳು ತೊಡರಲಿ, ಮುಖ ಇಷ್ಟಾಗಲಿ, ಊರವರ ಮುಂದೆ ಬೀಳಲಿ. ಅವನು ಬಿದ್ದ ಮೇಲೆ ನಾನು ಹೇಗೆ ಬಾರಿಸಿದರೂ ನಡೆಯುತ್ತದೆ.

ಮೈಕು ಹಿಡಿದು ನನ್ನ ಸಭೆಯ ಧ್ವನಿಯಲ್ಲಿ ಹೇಳಿದೆ: "ಸರ್, ಈ ಹಾಡನ್ನ ನನಗಿಂತ ಸರಿಯಾಗಿ ಬಾರ್ಸೋರು ಇಲ್ಲೇ ಕೂತಿದಾರೆ. ತ್ರ್ಯಂಬಕ ಡಾಕ್ಟ್ರು. ಅವರು ಬಾರಿಸ್ಲಿ, ನಾವೆಲ್ಲ ಕೇಳಣ!"

ತ್ರ್ಯಂಬಕನ ಮುಖದ ಬಣ್ಣ ಇಳಿಯಿತು. "ಏ ಎಂತದಾ, ಬ್ಯಾಡ ಮಾರಾಯಾ, ಬಿಟ್ಟು ಯಾವ ಕಾಲ ಆತು!" ಎಂದು ಕೈ ಅಲ್ಲಾಡಿಸಿದ. ಜನ ಬಿಡುತ್ತಾರೆಯೇ? ಎಬ್ಬಿಸಿ, ಎಳೆದು, ಮೆಟ್ಟಿಲು ಹತ್ತಿಸಿದರು. ನನ್ನ ಕೊರಳಿನ ಗಿಟಾರನ್ನು ನಾನೇ ತೆಗೆದು ಅವನಿಗೆ ಹಾಕಿದೆ. ಯಾವ ತಂತಿ ಯಾವುದು ಎಂದು ಅವನು ಬಗ್ಗಿ ಬಗ್ಗಿ ನೋಡಿದ. ನನಗೆ ಸಮಾಧಾನವಾಯಿತು.

ಮೊದಲ ಸ್ವರ ತಪ್ಪಿತು. ಎರಡನೆಯದೂ ತಪ್ಪಿತು. ಯಾರೋ ಕಿಸಕ್ಕೆಂದರು. ತ್ರ್ಯಂಬಕ ಕಣ್ಣು ಮುಚ್ಚಿಕೊಂಡ, ಉಸಿರು ಬಿಟ್ಟ. ಆಮೇಲೆ ಮೆಲ್ಲಗೆ, ಕತ್ತಲೆಯಲ್ಲಿ ಹಸುವಿನ ಮೈ ಸವರುವವನ ಹಾಗೆ, ತಂತಿ ಸವರಿದ. ಬಂತು ಹಾಡು. ಒಂದು ಸ್ವರ, ಬಿಡುವು, ಇನ್ನೊಂದು ಸ್ವರ. ಆಬ್ರಿ ಸಾಹೇಬರು ಜೊತೆಗೆ ಬಾರಿಸುತ್ತಿದ್ದವರು ಕೈ ನಿಲ್ಲಿಸಿದರು. ಸುಮ್ಮನೆ ಕೇಳಿದರು. ಊಟದ ಹೊತ್ತಿನಲ್ಲೂ ತೆಗೆಯದ ಟೋಪಿಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಒಂದೇ ಒಂದು ಸಲ ಯಾರಾದರೂ ನನ್ನ ಕೈ ಕೇಳಿ ಹಾಗೆ ಟೋಪಿ ತೆಗೆದಿದ್ದರೆ!

"ಎಲ್ಲಿ ಕಲಿತ್ರಿ ಡಾಕ್ಟ್ರೇ ಇದನ್ನ?" ಎಂದು ಕೇಳಿದರು.

"ಕ್ಯಾಸೆಟ್ ಕೇಳಿ ಸರ್. ನಮ್ಮನೆ ಟೇಪಲ್ಲಿ ಸೆಲ್ ವೀಕಿತ್ತು, ಹಂಗಾಗಿ ತಪ್ಪು ಕಲ್ತೆ ಅಂದ್ಕಂಡಿದ್ದೆ" ಅಂದ ತ್ರ್ಯಂಬಕ. "ಬಾರಿಸೋದು ಬಿಟ್ಟಿದ್ದೆ. ಹಸು ಕರು ಹಾಕೋದು ತಡ ಆದ್ರೆ ಕೊಟ್ಟಿಗೆಲಿ ಕಾಯ್ತಾ ಕೂತು ಮನಸ್ಸಲ್ಲೇ ಇದನ್ನ ಹಾಡ್ಕತ್ತಿದ್ದೆ, ಅಷ್ಟೇಯ."

ಸಾಹೇಬರು ನನ್ನ ಕಡೆ ತಿರುಗಿ "ಈಗ ನೀವು?" ಎಂದು ಗಿಟಾರಿನ ಕಡೆ ಕೈ ತೋರಿಸಿದರು. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. ಅದರ ಮೇಲೆ ಬಾರಿಸುವುದೇನು ಉಳಿದಿತ್ತು?

ಅಷ್ಟರಲ್ಲಿ ಪಂಚಾಕ್ಷರಪ್ಪ ವೇದಿಕೆಗೆ ಬಂದರು. ಸಾಹೇಬರಿಗೆ ಶಾಲು ಹೊದಿಸಿದರು, ಡಾಕ್ಟರಿಗೆ ಹೊದಿಸಿದರು, ತಮಗೆಂದು ತಂದಿದ್ದ ಶಾಲನ್ನು ನನಗೆ ಹೊದಿಸಿದರು. "ತನಗೆ ಸಿಕ್ಕಿದ್ದ ಚಾನ್ಸನ್ನ ಗೆಳೆಯನಿಗೆ ಬಿಟ್ಟುಕೊಟ್ಟ ಮಾಲತೇಶ್ ಅವರ ದೊಡ್ಡ ಮನಸ್ಸು ನೋಡ್ರಿ! ಈ ಕಾಲದಲ್ಲಿ ಯಾರಿಗೈತ್ರಿ ಇಂಥ ಗುಣ?" ಅಂದರು. ಅವತ್ತಿನ ಎಲ್ಲ ಚಪ್ಪಾಳೆಗಿಂತ ದೊಡ್ಡ ಚಪ್ಪಾಳೆ ಬಿದ್ದದ್ದು ಆಗ. ಶಾಲು ಹೊದ್ದುಕೊಂಡು ಕೈ ಮುಗಿದು ನಿಂತೆ, ಮತ್ತೇನು ಮಾಡಲಿ?

ಜನ ಹೋದ ಮೇಲೆ ವೈರು ಸುತ್ತುತ್ತಿದ್ದಾಗ ತ್ರ್ಯಂಬಕ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ನೀ ಕರೀದೇ ಇದ್ದಿದ್ರೆ ಸಾಯೋ ತಂಕ ನನ್ ಸೆಲ್ಲೇ ವೀಕು ಅಂದ್ಕಂಡಿರ್ತಿದ್ದೆ ಮಾರಾಯಾ" ಅಂದ.

"ಬಿಡು ಬಿಡು, ವೈರ್ ಸುತ್ತಬೇಕು" ಅಂದೆ.

ಟೆಂಪೋ ಶಿರಾಳಕೊಪ್ಪ ದಾಟಿತು. ಶ್ರೀಲತಾ ರಸ್ತೆ ನೋಡುತ್ತಲೇ ಅಂದಳು, "ಅವ್ರನ್ನ ಯಾಕೆ ಕರೆದ್ರಿ ಅಂತ ನಂಗೊತ್ತೈತಿ."

"ಗೊತ್ತಿದ್ರೆ ಬಾಯಿ ಮುಚ್ಕಂಡಿರು."

ಅವಳು ಶಾಲನ್ನು ಮಡಚಿ ಸೀಟಿನ ಕೆಳಗೆ ತುರುಕಿದಳು.

ಬೆಳಿಗ್ಗೆ ಎದ್ದು ಅಂಗಡಿಯಿಂದ ಹಳೆಯ ಟೇಪ್‌ರೆಕಾರ್ಡರ್ ಮನೆಗೆ ತಂದೆ. ಪ್ರಚಾರದ ಕೈಮೈಕಿಗೆ ಹಾಕಿ ಹಾಕಿ ಮುಗಿದ ದಪ್ಪ ಸೆಲ್ಲುಗಳು ಒಂದು ಡಬ್ಬಿ ತುಂಬ ಇದ್ದವು. ಕರೆಂಟಿನ ವೈರನ್ನು ಕಿತ್ತು ಆ ಸೆಲ್ಲುಗಳನ್ನು ಹಾಕಿ, ತೋಟಪ್ಪ ತುಂಬಿಸಿಕೊಟ್ಟ ಕ್ಯಾಸೆಟ್ಟನ್ನು ಹಚ್ಚಿದೆ. ಚಕ್ರ ಒಲ್ಲದ ಮನಸ್ಸಿನಿಂದ ತಿರುಗಿತು. ಹಾಡು ನಿಧಾನ ಇಳಿಯತೊಡಗಿತು. ನಾನು ಗಿಟಾರ್ ತಗೊಂಡು ಹಿಂದೆ ಹಿಂದೆ ಹೋದೆ. ಬೆರಳು ಮುಂದೆ ಓಡಿತು, ಹಿಡಿದು ಎಳೆದು ತಂದೆ, ಮತ್ತೆ ಓಡಿತು. ಈಗ ಕಲಿಯಲು ಕೂತವನಿಗಿಂತ ಕಡೆಯಾಗಿತ್ತು ನನ್ನ ಕೈ. ಕಣ್ಣಲ್ಲಿ ನೀರು ಬಂತು. ಆಗಲೂ ನನಗೆ ಕಾಣುತ್ತಿದ್ದದ್ದು ತ್ರ್ಯಂಬಕನ ಮುಂದೆ ತೆಗೆದಿಟ್ಟ ಆ ಟೋಪಿ, ಆಗಲೂ ಹೊಟ್ಟೆ ಉರಿಯುತ್ತಲೇ ಇತ್ತು.

ಒಳಗಿನಿಂದ ಶ್ರೀಲತಾ ಕೂಗಿದಳು. "ರೀ, ಕ್ಯಾಸೆಟ್ಟು ಎಳೀತೈತಲ್ರೀ! ಸೆಲ್ ವೀಕಾಗಿರಬೇಕು, ಹೊಸವು ಹಾಕ್ರಿ."

"ಹಾಕಲ್ಲ" ಅಂದೆ. ಡಬ್ಬಿಯಲ್ಲಿ ಉಳಿದ ಸೆಲ್ಲುಗಳನ್ನು ತೆಗೆದುಕೊಂಡು ಹೋಗಿ ಕಾಂಪೌಂಡಿನ ಮೇಲೆ ಬಿಸಿಲಿಗೆ ಸಾಲಾಗಿ ಇಟ್ಟು ಬಂದೆ.